ಬಿದ್ರಿ ತಾಟಿನ ಒಂದು ತಪ್ಪು

ಯಂತ್ರಗಳು ಚದುರಂಗ ಆಡುವಾಗ ಜಗಳವಾಡುವುದಿಲ್ಲ. ಆ ಕೆಲಸವನ್ನು ಅವುಗಳನ್ನು ಕಟ್ಟಿದವರು ಊಟದ ಸಾಲಿನಲ್ಲಿ ನಿಂತು ಮಾಡುತ್ತಾರೆ. ಕಲಬುರಗಿಯ ಯಂತ್ರ ಚದುರಂಗ ಪಂದ್ಯಾವಳಿಯ ನಾಲ್ಕನೆಯ ದಿನ, ಕೈಯಲ್ಲಿ ಖಾಲಿ ತಟ್ಟೆ ಹಿಡಿದು ನಿಂತಿದ್ದ ನೀಲಾಂಬಿಕಾ ಮೂಲಗೆಯ ಕಿವಿಗೆ ಬೀಳುತ್ತಿದ್ದುದೂ ಅದೇ.

“ಎಲ್ಲರಿಗೂ ಒಂದೇ ಥರದ ಕಂಪ್ಯೂಟರ್ ಕೊಡ್ಲಿ. ಆಮೇಲೆ ನೋಡೋಣ ಯಾರ ಪ್ರೋಗ್ರಾಂ ಜಾಣ ಅಂತ. ಹಾರ್ಡ್‌ವೇರ್ ಹೊತ್ಕೊಂಡು ಬಂದು ಗೆಲ್ಲೋದು ಯಾವ ದೊಡ್ಡಸ್ತಿಕೆ?” ಎಂದು ಮುಂದಿದ್ದವನು ಹೇಳಿದ.

“ಪೈಲ್ವಾನ ಅಖಾಡಕ್ಕೆ ಬರುವಾಗ ಮೈಯನ್ನ ಮನೇಲಿಟ್ಟು ಬರ್ತಾನೇನ್ರೀ?” ಎಂದು ಅವನ ಪಕ್ಕದವನು ನಕ್ಕ.

“ಮೈ ತರ್ಲಿ. ಮೈಯೊಳಗೆ ಇನ್ನೊಬ್ಬ ಮನುಷ್ಯನ್ನ ಬಚ್ಚಿಟ್ಕೊಂಡು ತರೋದು ಬೇಡ.”

ಆ ಕೊನೆಯ ಮಾತು ತನಗೇ ಎಂದು ನೀಲಾಂಬಿಕಾಗೆ ಗೊತ್ತಿತ್ತು. ಅನ್ನ ಬಡಿಸಿಕೊಂಡು ಮೂಲೆಯ ಮೇಜಿಗೆ ಹೋಗಿ ಕುಳಿತಳು. ತಟ್ಟೆಯ ಅನ್ನವನ್ನು ಸುಮ್ಮನೆ ಬೆರಳಲ್ಲಿ ಕೆದಕುತ್ತಿದ್ದಳು.

ಅವಳು ಬೀದರಿನ ಕಾಲೇಜೊಂದರಲ್ಲಿ ಇಲೆಕ್ಟ್ರಾನಿಕ್ಸ್ ಕಲಿಸುವವಳು. ನಲವತ್ತನಾಲ್ಕು ವರ್ಷ, ದಪ್ಪ ಕನ್ನಡಕ, ಯಾರು ಏನೇ ಅಂದರೂ ‘ಯಾಕೆ?’ ಎಂದು ಕೇಳುವ ಕೆಟ್ಟ ಚಟ. ಆ ಚಟದಿಂದಲೇ ಏಳು ವರ್ಷದ ಹಿಂದೆ ಮನೆಯ ಬಿದ್ರಿ ಹೂದಾನಿಗೆ ವಿದ್ಯುತ್ ಹಾಯಿಸಿ ನೋಡಿದ್ದಳು. ಬಿದ್ರಿ ಮಾಡುವವರು ಸತುವು, ತಾಮ್ರದ ಎರಕದ ಮೇಲೆ ಉಳಿಯಿಂದ ಗೀರಿ, ಆ ಗೀರಿನಲ್ಲಿ ಬೆಳ್ಳಿ ತಂತಿ ಕೂರಿಸುತ್ತಾರೆ. ಆಮೇಲೆ ಬೀದರ್ ಕೋಟೆಯೊಳಗಿನ ಹಳೆಯ ಮಣ್ಣನ್ನು ನವಸಾಗರದ ಉಪ್ಪಿನ ಜೊತೆ ನೀರಿಗೆ ಹಾಕಿ ಕುದಿಸಿ, ಅದರಲ್ಲಿ ಅದ್ದುತ್ತಾರೆ. ಲೋಹ ಕಾಡಿಗೆಯಷ್ಟು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ನೀಲಾಂಬಿಕಾ ಕಂಡುಕೊಂಡದ್ದು ಇಷ್ಟು: ಆ ಕಪ್ಪು ಪದರಕ್ಕೆ ನೆನಪಿದೆ. ಒಮ್ಮೆ ವಿದ್ಯುತ್ ಹರಿದ ಕಡೆ ಅದು ಮುಂದಿನ ಸಲ ಸುಲಭವಾಗಿ ದಾರಿ ಬಿಡುತ್ತಿತ್ತು, ಹರಿಯದ ಕಡೆ ಬಿಗಿದುಕೊಂಡು ಕೂರುತ್ತಿತ್ತು.

ಹಾಗಿದ್ದರೆ ಚದುರಂಗದ ಅರವತ್ತನಾಲ್ಕು ಮನೆಗಳನ್ನೇ ಬೆಳ್ಳಿ ತಂತಿಯಲ್ಲಿ ಬರೆದರೆ? ಆನೆ, ಕುದುರೆ, ಒಂಟೆ ನಡೆಯುವ ದಾರಿಗಳಿಗೆಲ್ಲ ಒಂದೊಂದು ತಂತಿ ಹಾಕಿ, ಒಳ್ಳೊಳ್ಳೆಯ ಆಟಗಾರರ ನಲವತ್ತು ಸಾವಿರ ಆಟಗಳನ್ನು ಅದರ ಮೂಲಕ ಹರಿಸಿದರೆ?

ಹಾಗೆ ಹುಟ್ಟಿದ್ದೇ ಈ ತಾಟು. ಒಂದು ಊಟದ ತಾಟಿನಷ್ಟೇ ಅಗಲ. ಅದಕ್ಕೆ ಮುಂದಿನ ನಡೆಗಳನ್ನು ಎಣಿಸಲು ಬಾರದು. ಪಕ್ಕದಲ್ಲಿರುವ ಒಂದು ಸಣ್ಣ ಕಂಪ್ಯೂಟರ್ ನಿಯಮಕ್ಕೆ ಒಪ್ಪುವ ನಡೆಗಳನ್ನೆಲ್ಲ ಒಂದೊಂದಾಗಿ ತೋರಿಸುತ್ತದೆ, ತಾಟು ನೋಡುತ್ತದೆ, ಅದಕ್ಕೆ ಕಟ್ಟಿದ ಮುಳ್ಳು ಎಡಕ್ಕೋ ಬಲಕ್ಕೋ ವಾಲುತ್ತದೆ. ಎಡಕ್ಕೆ ಹೋದರೆ ‘ಸೋಲು’, ಬಲಕ್ಕೆ ಹೋದರೆ ‘ಗೆಲುವು’. ಯಾವ ನಡೆಗೆ ಮುಳ್ಳು ಹೆಚ್ಚು ಬಲಕ್ಕೆ ಹೋಯಿತೋ ಅದೇ ಅದರ ನಡೆ. ಒಂದು ಜೀರೋ ಬಲ್ಬಿಗೆ ಬೇಕಾಗುವಷ್ಟು ಕರೆಂಟೂ ಅದಕ್ಕೆ ಬೇಡ.

ಇಂಥ ತಾಟು ಫೈನಲ್ ತನಕ ಬಂದಿತ್ತು. ಎದುರಾಳಿ ‘ಐರಾವತ’ ಎಂಬ ಯಂತ್ರ. ಮೂರು ಕಪಾಟು, ಚದುರಂಗಕ್ಕೆಂದೇ ಬೇರೆಯಾಗಿ ಮಾಡಿಸಿದ ಸಾವಿರದಿನ್ನೂರು ಚಿಪ್, ತಣ್ಣಗಿಡಲು ಸಭಾಂಗಣವೇ ಗುಂಯ್‌ಗುಡುವಂಥ ಫ್ಯಾನು. ಕ್ಷಣಕ್ಕೆ ಕೋಟಿಗಟ್ಟಲೆ ನಡೆ ಎಣಿಸುತ್ತಿತ್ತು. ಅಂಥದ್ದರ ಮುಂದೆ ಒಂದು ಕೈಕಸುಬಿನ ತಾಟು ನಿಲ್ಲುವುದೆಂದರೆ ಯಾರಿಗೆ ನಂಬಿಕೆ ಬಂದೀತು? ಅದೂ ಈ ತಾಟು ತನ್ನ ರಾಜನ ಮುಂದಿನ ಕಾಲಾಳುಗಳನ್ನೇ ಮುಂದಕ್ಕೆ ನೂಕಿ, ಎದೆಯೊಡ್ಡಿ ಆಡುತ್ತಿತ್ತು. ಪತ್ರಿಕೆಯವರು ‘ಬೀದರಿನ ಗಂಡೆದೆ’ ಎಂದು ಬರೆದರು. ಅಂಥ ಧೈರ್ಯ ಯಂತ್ರಕ್ಕೆ ಬಾರದು, ಎಲ್ಲೋ ಕುಳಿತ ಆಟಗಾರನೊಬ್ಬ ತಂತಿಯಿಲ್ಲದೆ ನಡೆ ಕಳಿಸುತ್ತಿದ್ದಾನೆ ಎಂದು ಉಳಿದವರು ಪಿಸುಗುಟ್ಟಿದರು.

ಪಿಸುಗುಟ್ಟದೆ ನೇರವಾಗಿ ಆಕ್ಷೇಪಣೆ ಬರೆದುಕೊಟ್ಟವರು ಐರಾವತದ ಮುಖ್ಯಸ್ಥ ಡಾ. ವಾದಿರಾಜ ಕೆದಿಲಾಯರು ಮಾತ್ರ. ಮಂಗಳೂರು ಕಡೆಯವರು, ಬಿಳಿ ಗಡ್ಡ, ಮಾತು ಮೆತ್ತಗೆ.

“ನಿಮ್ಮ ಮೇಲೆ ದ್ವೇಷ ಇಲ್ಲ ಮಾರಾಯ್ರೆ,” ಎಂದು ಅವರೇ ಅವಳ ಬಳಿ ಬಂದು ಹೇಳಿದ್ದರು. “ನನ್ನ ಯಂತ್ರದ ತದ್ರೂಪು ಇನ್ನೊಂದು ಮಾಡಿದರೆ ಅದೂ ಹೀಗೇ ಆಡ್ತದೆ. ನಿಮ್ಮದು ಆಡ್ತದಾ? ಆಡಿದರೆ ವಿಜ್ಞಾನ. ಇಲ್ಲದಿದ್ದರೆ ಪವಾಡ. ಪವಾಡಕ್ಕೆ ಬೇರೆ ಕಡೆ ಸ್ಪರ್ಧೆ ಉಂಟು.”

ಮಾತು ಚುಚ್ಚಿತು, ಆದರೆ ತಪ್ಪೆನ್ನಲು ಬರುವಂತಿರಲಿಲ್ಲ. ಪಂದ್ಯಾವಳಿಯ ನಿಯಮವೂ ಅದೇ: ಆಕ್ಷೇಪಣೆ ಬಂದರೆ ಜೋಡಿ ಯಂತ್ರ ತೋರಿಸಬೇಕು. ಆಟದ ನಡುವಿನ ಐವತ್ತು ಸ್ಥಿತಿಗಳನ್ನು ಎರಡಕ್ಕೂ ಒಡ್ಡುತ್ತಾರೆ, ನಲವತ್ತೈದರಲ್ಲಾದರೂ ನಡೆ ಒಂದೇ ಆಗಬೇಕು. ನೀಲಾಂಬಿಕಾ ಜೋಡಿ ತಾಟನ್ನು ಮೊದಲೇ ಮಾಡಿಸಿ ತಂದಿದ್ದಳು. ಮೊದಲ ತಾಟು ಮಾಡಿಕೊಟ್ಟ ಅದೇ ಬಿದ್ರಿ ಉಸ್ತಾದರ ಕೈ, ಅದೇ ಕೋಟೆ ಮಣ್ಣು, ಅದೇ ನಲವತ್ತು ಸಾವಿರ ಆಟ. ಆ ಬೆಳಿಗ್ಗೆ ನೆಮ್ಮದಿಯಿಂದಲೇ ಎರಡನ್ನೂ ಮೇಜಿನ ಮೇಲಿಟ್ಟಳು.

ಐವತ್ತರಲ್ಲಿ ಮೂವತ್ತೊಂದು ಹೊಂದಿದವು, ಹತ್ತೊಂಬತ್ತು ಹೊಂದಲಿಲ್ಲ.

ಮುಖ್ಯ ತೀರ್ಪುಗಾರ್ತಿ ಕಾವೇರಮ್ಮ ಕಾಗದದಿಂದ ತಲೆಯೆತ್ತಿ, “ನಾಳೆ ಹತ್ತು ಗಂಟೆಯೊಳಗೆ ವಿವರಣೆ ಕೊಡಿ. ಇಲ್ಲದಿದ್ದರೆ ‘ವಂಚನೆಯ ಶಂಕೆ’ ಅಂತ ಬರೆದು ಹೊರಗಿಡಬೇಕಾಗುತ್ತೆ. ಬೇರೆ ದಾರಿ ಇಲ್ಲ,” ಎಂದರು.

ವಂಚನೆ. ಸೋತಿದ್ದರೆ ನೀಲಾಂಬಿಕಾ ಎರಡು ದಿನ ಸಪ್ಪಗಿದ್ದು ಮೂರನೆಯ ದಿನ ಪಾಠಕ್ಕೆ ಹೋಗುತ್ತಿದ್ದಳು. ಇದು ಹಾಗಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅದಕ್ಕಿಂತ ಹೆಚ್ಚಾಗಿ ಅವಳನ್ನು ಕೊರೆಯುತ್ತಿದ್ದುದು ಇನ್ನೊಂದು: ಯಾಕೆ? ಯಾಕೆ ಹೊಂದಲಿಲ್ಲ?

ಊಟ ಬಿಟ್ಟು ಎದ್ದಳು. ಎರಡು ತಾಟನ್ನೂ ಹಳೆಯ ಸೀರೆಯಲ್ಲಿ ಸುತ್ತಿ ಕಾರಿನಲ್ಲಿಟ್ಟು ಹುಮನಾಬಾದ್ ದಾರಿ ಹಿಡಿದಳು.

ಬೀದರಿನ ಹಳೆಯ ಓಣಿಯಲ್ಲಿ ಉಸ್ತಾದ್ ಸರ್ವರ್ ಮಿಯಾರ ಮನೆ. ಮುಂದಿನ ಕೋಣೆ ಕಾರ್ಖಾನೆ, ಹಿಂದಿನದು ಅಡುಗೆಮನೆ, ನಡುವೆ ಒಂದು ಪರದೆ. ಎಪ್ಪತ್ತೆರಡರ ಉಸ್ತಾದ್ ಅರಗಿನ ದಿಮ್ಮಿಗೆ ಅಂಟಿಸಿದ ಒಂದು ಡಬ್ಬಿಯ ಮೇಲೆ ಉಳಿಯಾಡಿಸುತ್ತ ಕುಳಿತಿದ್ದರು. ನಡೆದದ್ದನ್ನೆಲ್ಲ ಕೇಳಿ, ಉಳಿ ಕೆಳಗಿಟ್ಟು ಗಡ್ಡ ಕೆರೆದುಕೊಂಡರು.

“ಮಣ್ಣು ಅದೇ ಅದರಿ. ನಾಲಗಿ ಮ್ಯಾಲ ಇಟ್ಟು ನೋಡಿ ತಂದೀನಿ. ತಂತಿ ಅದೇ. ಮತ್ತ ಯಾಕ ಹಿಂಗಾತೋ ನನಗ ಗೊತ್ತಾಗವಲ್ದು.”

ಪರದೆಯ ಆಚೆಯಿಂದ ಅವರ ಹೆಂಡತಿ ಖಮರುನ್ನೀಸಾ ಕೂಗಿದರು: “ಮೊದಲ ಉಣ್ಣಲಿ ಬಿಡ್ರಿ. ಬಾ ಬೇಟಿ. ಖಿಚಡಿ ಖಟ್ಟಾ ಮಾಡೀನಿ, ಮಾಂಸ ಹಾಕಿಲ್ಲ, ನಿನಗ ನಡೀತದ. ಹಸ್ದ ಹೊಟ್ಟಿಗೆ ಲೆಕ್ಕ ಹತ್ತಂಗಿಲ್ಲ.”

ನೀಲಾಂಬಿಕಾ ಅವರನ್ನು ಚಿಕ್ಕಮ್ಮ ಎನ್ನುವಂತೆ ಖಾಲಾ ಎಂದೇ ಕರೆಯುತ್ತಿದ್ದಳು. ಅಡುಗೆಮನೆಯಲ್ಲಿ ಕುಳಿತು ಹುಳಿಹುಳಿ ಖಟ್ಟಾ ಸಾರು ಕಲಸಿಕೊಂಡು ಉಂಡಳು. ಕಲಬುರಗಿಯಲ್ಲಿ ಇಳಿಯದ ತುತ್ತು ಇಲ್ಲಿ ಸಲೀಸಾಗಿ ಇಳಿಯಿತು. ಉಂಡ ತಟ್ಟೆ ಸರಿಸಿ, ಹೊಂದದ ಹತ್ತೊಂಬತ್ತು ಸ್ಥಿತಿಗಳ ಕಾಗದಗಳನ್ನು ನೆಲದ ಮೇಲೆ ಹರವಿದಳು. ಖಾಲಾ ಬೆಳ್ಳುಳ್ಳಿ ಸುಲಿಯುತ್ತ ಎದುರಿಗೆ ಕುಳಿತರು.

ಒಂದನೆಯದರಲ್ಲಿ ಪಂದ್ಯ ಆಡುತ್ತ ಬಂದಿದ್ದ ಮೊದಲ ತಾಟು ಒಂದು ಒಂಟೆಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಎರಡನೆಯದರಲ್ಲಿ ರಾಣಿಯನ್ನು. ಮೂರನೆಯದರಲ್ಲಿ ಮತ್ತೆ ಒಂಟೆ. ನೀಲಾಂಬಿಕಾ ಪೆನ್ಸಿಲ್ ತೆಗೆದು ಒಂದೊಂದು ಕಾಗದದ ಮೇಲೂ ಆ ಕಾಯಿ ಎಲ್ಲಿಂದ ಎಲ್ಲಿಗೆ ಗುರಿಯಿಟ್ಟಿತ್ತೋ ಅಲ್ಲಿಗೆ ಗೆರೆ ಎಳೆದಳು. ಆರನೆಯ ಗೆರೆ ಎಳೆದ ಮೇಲೆ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಎಲ್ಲ ಗೆರೆಗಳೂ ಒಂದೇ ದಾರಿಯಲ್ಲಿದ್ದವು: ಎಡಗಡೆಯ ಕೆಳಮೂಲೆಯಿಂದ ಬಲಗಡೆಯ ಮೇಲ್ಮೂಲೆಗೆ ಓರೆಯಾಗಿ ಹೋಗುವ ಉದ್ದ ಕರ್ಣ. ಹತ್ತೊಂಬತ್ತರಲ್ಲಿ ಹದಿನೇಳು ಹೀಗೇ ಬಂದವು. ಉಳಿದ ಎರಡು ಮಾತ್ರ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಅವನ್ನು ಬದಿಗಿಟ್ಟಳು.

ಆ ಕರ್ಣದಲ್ಲೂ ಕೆಳಮೂಲೆಯಿಂದ ಎಣಿಸಿದರೆ ನಾಲ್ಕನೆಯ ಮನೆಯ ತನಕ ತಾಟಿಗೆ ಎಲ್ಲ ಕಾಣುತ್ತಿತ್ತು. ಐದನೆಯ ಮನೆಯೂ ಕಾಣುತ್ತಿತ್ತು. ಐದನೆಯದನ್ನು ದಾಟಿ ಆರನೆಯದಕ್ಕೆ ಹೋಗುವ ಕಡೆ ಕುರುಡು.

“ಉಸ್ತಾದ್!” ಎಂದು ಕೂಗಿದಳು. ಪರದೆ ಸರಿಸಿ ಅವರು ಬಂದರು. “ಮೊದಲನೇ ತಾಟಿನಾಗ ಈ ಓರೆ ತಂತಿ ಐದನೇ ಮನೀಗೂ ಆರನೇ ಮನೀಗೂ ನಡುವ ಕಡದಾದ. ಹೌದಲ್ರಿ?”

ಉಸ್ತಾದ್ ನಿಂತಲ್ಲೇ ನಿಂತರು. ಆ ಕರಿ ಮೈಯಲ್ಲಿ ಕೂದಲೆಳೆಯಷ್ಟು ಅಂತರವನ್ನು ಹಿಡಿಯಲು ಭೂತಗನ್ನಡಿಗೂ ಕಷ್ಟ.

“ನೀವು ತಾಟು ನೋಡೇ ಇಲ್ಲಲ್ರಿ,” ಎಂದರು. “ಸೀರಿಯಾಗೇ ಅದ ಇನ್ನ.”

“ಅದು ಆಡಿದ್ದು ನೋಡಿದೆ.”

ಖಾಲಾ ಬೆಳ್ಳುಳ್ಳಿ ಬಿಟ್ಟು ಬಾಯಿಗೆ ಸೆರಗು ಹಿಡಿದು ನಗತೊಡಗಿದರು. “ಹೇಳ್ರಿ ಇನ್ನ! ಕಳ್ಳ ಸಿಕ್ಕಾನ. ಐವತ್ತು ವರ್ಷ ಸಂಸಾರ ಮಾಡಿ ನನಗ ಒಂದ ಸಲಾನೂ ಸಿಕ್ಕಿಲ್ಲ ಈ ಮನಷ್ಯ.”

ಉಸ್ತಾದ್ ನೆಲದ ಮೇಲೆ ಕುಳಿತರು. ಹೇಳಲೋ ಬೇಡವೋ ಎಂಬಂತೆ ಮೊಣಕಾಲು ಸವರಿಕೊಂಡರು.

“ಇದು ನಮ್ಮ ಮನಿ ರೂಢಿರಿ. ಬ್ಯಾರೆ ಉಸ್ತಾದರು ಮಾಡಂಗಿಲ್ಲ. ನಮ್ಮ ದಾದಾ ಮಾಡ್ತಿದ್ರು, ಅಬ್ಬಾ ಮಾಡ್ತಿದ್ರು. ಒಂದು ಸಾಮಾನು ಮುಗಿಸುವಾಗ ಒಂದ ಕಡಿ ತಂತಿ ಕೂಡಸದ ಬಿಡ್ತೀವಿ. ಪೂರಾ ಮಾಡೋದು ಮ್ಯಾಲಿನವನ ಕೆಲಸ, ನಮ್ದಲ್ಲ ಅಂತ. ಯಾರಿಗೂ ಹೇಳಂಗಿಲ್ಲ. ಹೇಳಿದ್ರ ಅದು ಡೌಲು ಆಗ್ತದ.”

“ಎರಡನೇ ತಾಟಿನಾಗೂ ಬಿಟ್ಟೀರಿ?”

“ಬಿಟ್ಟೀನಿ. ಬ್ಯಾರೆ ಕಡಿ. ಒಂದ ಜಾಗಾದಾಗ ಎರಡ ಸಲ ಬಿಡಬಾರದು.”

“ಒಂದು ಕೂದಲೂ ಬದಲಾಗಬಾರದು ಅಂತ ಅಷ್ಟು ಸಲ ಹೇಳಿದ್ನಲ್ರಿ ಉಸ್ತಾದ್!”

“ನಕ್ಷಾ ಬದಲಾಗಬಾರದು ಅಂದ್ರಿ. ನಕ್ಷಾ ಬದಲು ಮಾಡಿಲ್ಲ. ಇದು ನಕ್ಷಾದಾಗ ಬರಂಗಿಲ್ಲರಿ.” ಅವರ ದನಿ ಸಣ್ಣದಾಯಿತು. “ಇದರಿಂದ ಆಟ ಕೆಡ್ತದ ಅಂತ ನನಗ ಹ್ಯಾಂಗ ಗೊತ್ತಾಗಬೇಕು? ಹೂದಾನಿಗೆ ಎಂದೂ ಏನೂ ಆಗಿಲ್ಲ.”

ನೀಲಾಂಬಿಕಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಏಳು ವರ್ಷದ ಕೆಲಸ ಒಬ್ಬ ಮುದುಕನ ಭಕ್ತಿಗೆ ಸಿಕ್ಕಿ ಹಾಳಾಯಿತಲ್ಲ ಎಂದು ಒಂದು ಗಳಿಗೆ ಸಿಟ್ಟು ನೆತ್ತಿಗೇರಿತು. ಮರುಗಳಿಗೆಗೇ ಬೇರೊಂದು ಹೊಳೆಯಿತು. ಪತ್ರಿಕೆಯವರು ಹೊಗಳಿದ ಆ ಗಂಡೆದೆ! ಆ ಕರ್ಣದಿಂದ ಬರುವ ಅಪಾಯ ತಾಟಿಗೆ ಕಾಣುವುದೇ ಇಲ್ಲ. ಕಾಣದ್ದಕ್ಕೆ ಹೆದರುವುದೆಲ್ಲಿಂದ ಬಂತು? ಧೈರ್ಯವೆಂದು ಊರೆಲ್ಲ ಕೊಂಡಾಡಿದ್ದು ಬರೀ ಕುರುಡುತನ. ಅವಳಿಗೆ ನಗು ತಡೆಯಲಾಗಲಿಲ್ಲ.

“ಎರಡನೇದರಾಗೂ ಇದೇ ಜಾಗಾದಾಗ ತಂತಿ ಕಡದು, ಅದರ ತಪ್ಪು ಮುಚ್ಚಿಬಿಡ್ರಿ ಉಸ್ತಾದ್. ಎರಡೂ ಒಂದೇ ಆಗ್ತಾವ. ಬೆಳಿಗ್ಗೆ ತೋರಸ್ತೀನಿ.”

ಉಸ್ತಾದ್ ತಲೆಯಲ್ಲಾಡಿಸಿದರು. “ಅಳತಿ ಹಿಡದು ಮಾಡಿದ್ರ ಅದು ತಪ್ಪಲ್ಲರಿ, ನಕ್ಷಾ. ನನ್ನ ಕೈಲಿ ಆಗಂಗಿಲ್ಲ. ಮಾಫ್ ಮಾಡ್ರಿ.” ಆಮೇಲೆ, “ನಿಮ್ಮ ಹೆಸರು ಕೆಡ್ತದ ಅಂತ ಗೊತ್ತದ. ನಾಳಿ ನಾನೂ ಬರ್ತೀನಿ. ತಪ್ಪು ನಂದು ಅಂತ ಹೇಳ್ತೀನಿ,” ಎಂದರು.

ನೀಲಾಂಬಿಕಾ ಹದಿನೇಳು ಕಾಗದಗಳನ್ನು ಜೋಡಿಸಿಕೊಂಡಳು. ತಪ್ಪನ್ನು ಮುಚ್ಚುವುದಕ್ಕಿಂತ ತೋರಿಸುವುದೇ ಸುಲಭವಲ್ಲವೇ ಎಂದು ಅವಳಿಗೆ ಆಗ ಅನ್ನಿಸಿತು. ಆದರೆ ತೋರಿಸಬೇಕಾದದ್ದು ಎದುರಾಳಿಗೇ.

ಮರುದಿನ ಹತ್ತು ಗಂಟೆಗೆ ಅವಳು ಕಾವೇರಮ್ಮನವರ ಮೇಜಿನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಕೆದಿಲಾಯರು ಕೈಕಟ್ಟಿ ಕೇಳಿದರು. ಅವರ ತಂಡದ ಹುಡುಗರು ಹಿಂದೆ ನಿಂತು ಮುಸಿಮುಸಿ ನಗುತ್ತಿದ್ದರು.

“ಕತೆ ಚೆನ್ನಾಗಿದೆ,” ಎಂದರು ಕಾವೇರಮ್ಮ. “ಆದರೆ ಜೋಡಿ ಹೊಂದಲಿಲ್ಲವಲ್ಲ. ಒಳಗೆ ಮನುಷ್ಯ ಇಲ್ಲ ಅನ್ನೋದಕ್ಕೆ ಇದು ಸಾಕ್ಷಿ ಹೇಗಾಗುತ್ತೆ?”

ನೀಲಾಂಬಿಕಾ ಒಂದು ಕಾಗದವನ್ನು ಕೆದಿಲಾಯರ ಮುಂದೆ ಹಿಡಿದಳು. ಅದರಲ್ಲಿ ಆ ಕರ್ಣದ ಚಿತ್ರವಿತ್ತು, ಐದು ಮತ್ತು ಆರನೆಯ ಮನೆಗಳ ನಡುವೆ ಒಂದು ಕೆಂಪು ಚುಕ್ಕೆಯಿತ್ತು.

“ಫೈನಲ್ ಆಡೋಣ ಸರ್. ನಿಮ್ಮ ಒಂಟೆಯನ್ನ ಈ ಮೂಲೆಯಲ್ಲಿ ಕೂರಿಸಿ. ಮೊದಲ ಹನ್ನೆರಡು ನಡೆ ತಂಡಗಳೇ ಆರಿಸಬಹುದು ಅಂತ ನಿಯಮ ಇದೆಯಲ್ಲ. ನನ್ನ ತಾಟಿಗೆ ಈ ದಾರಿ ಕಾಣೋದಿಲ್ಲ. ಇಲ್ಲಿಂದ ಹೊಡೆದರೆ ಸೋಲುತ್ತೆ. ಸೋಲದಿದ್ದರೆ, ಈ ಹೊಡೆತವನ್ನ ಅದು ನೋಡಿ ತಪ್ಪಿಸಿಕೊಂಡರೆ, ಒಳಗೆ ಮನುಷ್ಯ ಇದ್ದಾನೆ ಅಂತ ಬರೆದುಬಿಡಿ.”

ಕೆದಿಲಾಯರು ಕಾಗದ ಕೈಗೆ ತೆಗೆದುಕೊಂಡು ಕೆಂಪು ಚುಕ್ಕೆಯ ಮೇಲೆ ಬೆರಳಿಟ್ಟರು. ಹಿಂದೆ ಐರಾವತದ ಫ್ಯಾನು ಗುಂಯ್‌ಗುಡುತ್ತಿತ್ತು.

“ಹೀಗೆ ಕುತ್ತಿಗೆ ತೋರಿಸಿ ಆಡಿದವರನ್ನ ನಾನು ನೋಡಿಲ್ಲ ಮಾರಾಯ್ರೆ,” ಎಂದರು ಕೆದಿಲಾಯರು. ಅವರ ಕಣ್ಣಲ್ಲಿ ಈಗ ಅನುಮಾನಕ್ಕಿಂತ ಕುತೂಹಲವೇ ಹೆಚ್ಚಾಗಿತ್ತು. “ಆಡುವ.”

ಕಾವೇರಮ್ಮನವರೂ ಒಪ್ಪಿದರು. ಆಟ ಶುರುವಾಯಿತು. ತಾಟಿಗೆ ಕಪ್ಪು ಕಾಯಿ. ಐರಾವತದ ಒಂಟೆ ಎಡಮೂಲೆಯ ಪಕ್ಕ ಹೋಗಿ ಕುಳಿತುಕೊಂಡಿತು. ಹನ್ನೆರಡು ನಡೆಗಳ ನಂತರ ಯಂತ್ರಗಳು ತಮ್ಮ ಪಾಡಿಗೆ ಆಡತೊಡಗಿದವು. ಆಮೇಲೆ ನಡೆದದ್ದು ಯಾರೂ ಎಣಿಸದ್ದು. ತಾಟು ಚೆನ್ನಾಗಿ ಆಡಿತು. ಇಷ್ಟು ದಿನ ಆಡಿದ್ದಕ್ಕಿಂತಲೂ ಚೆನ್ನಾಗಿ ಆಡಿತು. ಇಪ್ಪತ್ತನೆಯ ನಡೆಯಲ್ಲಿ ಒಂದು ಕುದುರೆ ಗೆದ್ದಿತು. ಇಪ್ಪತ್ತಾರರಲ್ಲಿ ಆನೆಯೊಂದನ್ನು ಮೂಲೆಗೊತ್ತಿತು. ನಡುವಿನಲ್ಲಿ ಐರಾವತದ್ದೇ ಒಂದು ಕಾಲಾಳು ಅಡ್ಡ ನಿಂತು ಆ ಕರ್ಣವೇ ಮುಚ್ಚಿಹೋಗಿತ್ತು. ದೊಡ್ಡ ಪರದೆಯ ಮೇಲೆ ಮುಳ್ಳು ಬಲಕ್ಕೆ, ಇನ್ನೂ ಬಲಕ್ಕೆ ವಾಲಿತು. ಪ್ರೇಕ್ಷಕರು ಚಪ್ಪಾಳೆ ತಟ್ಟಿದರು.

ನೀಲಾಂಬಿಕಾಗೆ ಕುಳಿತಲ್ಲಿ ಕುಳಿತುಕೊಳ್ಳಲಾಗಲಿಲ್ಲ. ತಾನೇ ಹೆತ್ತು ಸಾಕಿದ ಯಂತ್ರ ಗೆಲ್ಲಲಿ ಎಂದು ಅರ್ಧ ಮನಸ್ಸು ಹಾತೊರೆಯಿತು. ಗೆದ್ದರೆ ತಾನು ಕಳ್ಳಿ. ಉಳಿದರ್ಧ ಮನಸ್ಸು ಸೋಲು, ಸೋಲು ಎಂದು ಬೇಡಿಕೊಂಡಿತು. ಗೆಲ್ಲುವ ಕೂಸಿಗೆ ಸೋಲನ್ನು ಹರಸುವ ತಾಯಿ ಲೋಕದಲ್ಲಿ ಇನ್ನೊಬ್ಬಳಿರಲಾರಳು ಎನ್ನಿಸಿ ಅವಳಿಗೆ ತನ್ನ ಮೇಲೇ ಕನಿಕರ ಹುಟ್ಟಿತು. ಪಕ್ಕದಲ್ಲಿ ಉಸ್ತಾದ್ ಜಪಮಾಲೆಯ ಮಣಿ ಸರಿಸುತ್ತಿದ್ದರು. ಏನು ಬೇಡಿಕೊಳ್ಳುತ್ತಿದ್ದಾರೆಂದು ಕೇಳುವ ಧೈರ್ಯವಾಗಲಿಲ್ಲ.

ಮೂವತ್ತೊಂದನೆಯ ನಡೆಯಲ್ಲಿ ಐರಾವತ ನಡುವಿನ ಆ ಕಾಲಾಳನ್ನು ಒಂದು ಮನೆ ಮುಂದಕ್ಕೆ ನೂಕಿ ಬಲಿಕೊಟ್ಟಿತು. ತಾಟು ಅದನ್ನು ತಿಂದಿತು. ಕರ್ಣ ತೆರೆಯಿತು. ಮೂಲೆಯ ಒಂಟೆಗೂ ಕಪ್ಪು ರಾಜನ ನೆರೆಮನೆಗೂ ನಡುವೆ ಈಗ ಏನೂ ಇರಲಿಲ್ಲ. ಐರಾವತದ ರಾಣಿ ರಾಜನ ಕೋಟೆಯ ಬಳಿ ಸುಳಿದಳು. ಮುಂದಿನ ನಡೆಗೆ ರಾಣಿ ರಾಜನ ಮಗ್ಗುಲಿಗೇ ಬಂದು ಕೂರುತ್ತಾಳೆ, ಹಿಂದೆ ಒಂಟೆ ಕಾವಲಿದೆ, ಆಟ ಮುಗಿಯುತ್ತದೆ. ಚದುರಂಗ ಕಲಿತು ವಾರವಾದ ಮಗುವಿಗೂ ಕಾಣುವ ಹೊಡೆತ ಅದು.

ತಡೆಯಲು ತಾಟಿಗೆ ಮೂರು ದಾರಿಗಳಿದ್ದವು. ಸಣ್ಣ ಕಂಪ್ಯೂಟರ್ ಮೂರನ್ನೂ ತೋರಿಸಿತು. 

ತಾಟು ಆಚೆ ತುದಿಯಲ್ಲಿ ಒಂದು ಕಾಲಾಳನ್ನು ಒಂದು ಮನೆ ಮುಂದಕ್ಕೆ ಸರಿಸಿತು.

ಯಾರೋ ಗೊಳ್ಳೆಂದು ನಕ್ಕರು. ರಾಣಿ ರಾಜನ ಮಗ್ಗುಲಿಗೆ ಬಂದು ಕುಳಿತಳು. ‘ಆಟ ಮುಗಿಯಿತು’ ಎಂದು ಪರದೆ ಸಾರಿತು. ಆದರೆ ಮುಳ್ಳು ಬಲಗಡೆಯ ಕೊನೆಗೆ ಹೋಗಿ ಒತ್ತಿ ನಿಂತಿತ್ತು. ಕಾವಲಿಲ್ಲದ ರಾಣಿ ತಾನಾಗಿ ಬಾಯಿಗೆ ಬಂದು ಬಿದ್ದಿದ್ದಾಳೆ, ರಾಜ ತಿಂದರೆ ಆಯಿತು, ನಾನು ಗೆದ್ದೆ ಎಂದು ತಾಟು ನಂಬಿತ್ತು. ಸತ್ತ ಮೇಲೂ ಅದು ಗೆಲ್ಲುತ್ತಲೇ ಇತ್ತು.

ನಗು ನಿಧಾನವಾಗಿ ನಿಂತಿತು. ಆ ಮುಳ್ಳನ್ನೇ ನೋಡುತ್ತಿದ್ದ ಕೆದಿಲಾಯರು ಎದ್ದು ನಿಂತರು.

“ಆಕ್ಷೇಪಣೆ ಹಿಂದಕ್ಕೆ ತಗೊಳ್ತೇನೆ,” ಎಂದರು. “ಗೆಲ್ಲಲಿಕ್ಕೆ ಮೋಸ ಮಾಡುವವರನ್ನ ನೋಡಿದ್ದೇನೆ. ಬೇಕಂತಲೇ ಸೋಲುವವರನ್ನೂ ನೋಡಿದ್ದೇನೆ. ಆದರೆ ಸೋತ ಮೇಲೂ ಗೆದ್ದೆ ಅಂತ ನಂಬಿ, ಹೀಗೆ ಕಾಣದೇ ಇರಲಿಕ್ಕೆ ಮನುಷ್ಯನ ಕೈಲಿ ಸಾಧ್ಯವೇ ಇಲ್ಲ. ಇದರೊಳಗೆ ಯಾರೂ ಇಲ್ಲ. ತಾಟು ತಾನೇ ನೋಡ್ತದೆ, ತನಗೆ ಕಂಡಷ್ಟು.”

ಕಾವೇರಮ್ಮ ಬರೆದುಕೊಂಡರು. ಗೆಲುವು ಐರಾವತದ್ದು, ಕಳಂಕ ಯಾರ ಮೇಲೂ ಇಲ್ಲ. ನೀಲಾಂಬಿಕಾ ಸೋತ ಖುಷಿಗೆ ಕಣ್ಣೊರೆಸಿಕೊಂಡಳು.

ಕೆದಿಲಾಯರು ನೇರವಾಗಿ ಉಸ್ತಾದರ ಬಳಿ ಹೋದರು. “ನನ್ನ ಸಾವಿರದಿನ್ನೂರು ಚಿಪ್‌ಗಳಲ್ಲೂ ತಪ್ಪುಗಳಿರ್ತವೆ ಉಸ್ತಾದ್. ಎಲ್ಲಿವೆ ಅಂತ ನನಗೆ ಗೊತ್ತಿಲ್ಲ. ನಿಮಗೆ ನಿಮ್ಮದು ಗೊತ್ತುಂಟಲ್ಲ, ಅದೇ ವ್ಯತ್ಯಾಸ. ನನಗೊಂದು ತಾಟು ಮಾಡಿಕೊಡ್ತೀರಾ?”

“ಮಾಡಿಕೊಡ್ತೀನ್ರಿ ಸಾಹೇಬ್ರ. ಆದ್ರ ತಪ್ಪು ಎಲ್ಲಿ ಅದ ಅಂತ ಮಾತ್ರ ಕೇಳಬ್ಯಾಡ್ರಿ.”

ಸಂಜೆ ಬೀದರಿನ ದಾರಿಯಲ್ಲಿ ಕಾರು ಹುಮನಾಬಾದ್ ದಾಟಿತು. ಉಸ್ತಾದ್ ಕಿಟಕಿಯಾಚೆ ನೋಡುತ್ತಲೇ ಹೇಳಿದರು: “ನಮ್ಮ ಅಬ್ಬಾ ಎಷ್ಟು ತಪ್ಪು ಬಿಟ್ಟು ಹ್ವಾದ್ರೋ, ಯಾರೂ ಹುಡಕಲಿಲ್ಲ. ನಂದೂ ಯಾರೂ ಹುಡಕಂಗಿಲ್ಲ ಅಂತ ತಿಳಕೊಂಡಿದ್ದೆ. ಹೂ ನೋಡಿ ವಾಹ್ ಅಂತಾರ, ಹೋಗ್ತಾರ. ನೀವು ಹುಡಕಿದ್ರಿ ಬೇಟಿ.”

 ಸ್ವಲ್ಪ ದೂರ ಹೋದ ಮೇಲೆ, ತಮ್ಮ ಮಡಿಲಲ್ಲಿದ್ದ ಅವಳ ಚೀಲದತ್ತ ಉಸ್ತಾದ್ ಬೆರಳು ತೋರಿದರು. ಹತ್ತೊಂಬತ್ತರಲ್ಲಿ ಲೆಕ್ಕಕ್ಕೆ ಸಿಗದೆ ಉಳಿದ ಆ ಎರಡು ಕಾಗದಗಳು ಅದರ ಬಾಯಿಂದ ಇಣುಕುತ್ತಿದ್ದವು.

“ಆ ಎರಡು, ಎರಡನೇ ತಾಟಿಂದರಿ. ಎಲ್ಲಿ ಬಿಟ್ಟೀನಿ ಹೇಳ್ಲಿ?”

“ಬ್ಯಾಡ ಉಸ್ತಾದ್,” ಎಂದಳು ನೀಲಾಂಬಿಕಾ. ರಸ್ತೆಯ ಬದಿಗೆ ಕಾರು ನಿಲ್ಲಿಸಿ, ಪೆನ್ಸಿಲ್ ಹುಡುಕತೊಡಗಿದಳು.